ಬಲಕ್ಕೆ ಎಳೆದರೆ ಎಡಕ್ಕೆ

ಎಪ್ಪತ್ತರ ದಶಕದ ಕೊನೆಗೆ, ಕಾಪುವಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಣ್ಣ ವಿಮಾನ ಕಟ್ಟುತ್ತಿದ್ದ. ಮಣಿಪಾಲದಲ್ಲಿ ಪಾಠ ಹೇಳಿ ಬಂದವನು ಅಂಗಿ ಕಳಚಿ ನೇರ ಅಲ್ಲಿಗೇ. ಒಬ್ಬರೇ ಕೂರುವ ಸಣ್ಣ ವಿಮಾನ. ಒಳಗೆ ಮರದ ಎಲುಬು, ಮೇಲೆ ಅತ್ತಿಗೆ ಹೊಲಿದ ಬಟ್ಟೆ. ನನ್ನ ಕೊಡುಗೆ ಬಾಯಿ ಮಾತ್ರ. ಊರಲ್ಲಿ ನಾನು ಸ್ವರ ತೆಗೆದು ಅಣಕಿಸದವರು ಯಾರೂ ಉಳಿದಿರಲಿಲ್ಲ. ಯಾರೂ ಸಿಗದ ದಿನ ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸುತ್ತಿದ್ದೆ.

ವಿಮಾನ ಕಟ್ಟಿ ಮುಗಿದ ಸಂಜೆ. ಮರುದಿನ ಅದನ್ನು ಹಾರಿಸಲು ಕಾರ್ಕಳದ ಬಯಲಿಗೆ ಒಯ್ಯುವ ಲಾರಿ ಬರಲಿತ್ತು. ಅಣ್ಣನಿಗೆ ಕೂತಲ್ಲಿ ಕೂರಲಾಗದು, ನನಗೆ ನಿಂತಲ್ಲಿ ನಿಲ್ಲಲಾಗದು. ವಿಮಾನ ಹತ್ತಿ ಕೂತು ಕಾರ್ಕಳ ಬಸ್ಸಿನ ಡ್ರೈವರನಾದೆ. "ರೈಟ್, ಪೋಯಿ!" ಎಂದು ಹೊರಡಲು ಕಂಡಕ್ಟರನಂತೆ ಕೂಗಿ, ತಿರುವಿನಲ್ಲಿ ಮೈ ವಾಲಿಸಿ, ವಿಮಾನ ತಿರುಗಿಸುವ ಕೋಲನ್ನು ಬಲಕ್ಕೆ ಎಳೆದೆ. ಅತ್ತಿಗೆ ನಕ್ಕರು. ನಾನು ನಗಲಿಲ್ಲ. ಕೋಲು ಬಲಕ್ಕೆ ಹೋದರೆ ಬಲರೆಕ್ಕೆಯ ತುದಿಯ ಪಟ್ಟಿ ಮೇಲೇಳಬೇಕು, ಆಗಲೇ ವಿಮಾನ ಬಲಕ್ಕೆ ವಾಲುವುದು ಎಂದು ಅಣ್ಣ ಊಟಕ್ಕೆ ಕೂತಾಗಲೆಲ್ಲ ಕೈಚಾಚಿ ತೋರಿಸಿದ್ದ. ಅದು ಕೆಳಗಿಳಿದಿತ್ತು.

"ಅಣ್ಣಾ, ಇದು ಉಲ್ಟಾ ಉಂಟು."

"ಹೇಳುವುದು ಡ್ರೈವರನೋ, ಕಂಡಕ್ಟರನೋ?"

"ನಾನೇ."

"ಇದು ಯಾರ ಸ್ವರ ಮಾರಾಯ? ಹೊಸತು!"

ಅದು ನನ್ನದೇ ಸ್ವರ. ಮನೆಯಲ್ಲಿ ಯಾರಿಗೂ ಅದರ ಪರಿಚಯವಿರಲಿಲ್ಲ. ಕೋಲನ್ನು ಹಾಗೆಯೇ ಹಿಡಿದು ಕೂತೆ. ಅತ್ತಿಗೆ ರೆಕ್ಕೆ ನೋಡಿದರು. "ಇವರೇ, ಅವನು ಹೇಳುವುದು ಹೌದು. ಬನ್ನಿ ಇಲ್ಲಿ."

ಅಣ್ಣ ಬಂದು ರೆಕ್ಕೆಯ ಕೆಳಗೆ ಬಗ್ಗಿ ನೋಡಿದ. ಶೆಡ್ಡು ಇಕ್ಕಟ್ಟೆಂದು ರೆಕ್ಕೆಯನ್ನು ಮಾಡಿನಿಂದ ತಲೆಕೆಳಗಾಗಿ ತೂಗುಹಾಕಿ ಪಟ್ಟಿ ಎಳೆಯುವ ಕೇಬಲ್ ಬಿಗಿದಿದ್ದ. ಮೇಲಿನ ಕೇಬಲ್ ಕೆಳಗಿನದರ ಜಾಗಕ್ಕೆ ಹೋಗಿತ್ತು. ಅದರ ಮೇಲೆ ಅತ್ತಿಗೆಯ ಬಟ್ಟೆ ವಾರ್ನಿಷು ಕುಡಿದು ಚೆಂಡೆಯಂತೆ ಬಿಗಿದಿತ್ತು.

"ಕೊಯ್ಯಬೇಕು," ಎಂದ ಮೆಲ್ಲಗೆ. "ನಿನ್ನ ಅಷ್ಟೂ ಹೊಲಿಗೆ."

"ನೀವು ಮೇಲಿನಿಂದ ಬಿದ್ದರೆ ಆಮೇಲೆ ನಾನು ಹೊಲಿಯುವುದು ಎಂತದನ್ನು?" ಎಂದು ಅತ್ತಿಗೆ ತಾವೇ ಬ್ಲೇಡು ಹಿಡಿದರು.

ಅಣ್ಣ ಕೇಬಲ್ ಬದಲಿಸಿದ, ಅತ್ತಿಗೆ ತೇಪೆ ಹಾಕಿದರು. ಬೆಳಿಗ್ಗೆ ಲಾರಿ ಹಾರ್ನ್ ಬಾರಿಸುತ್ತಲೇ ಇತ್ತು. ನಾನು ಹಸಿ ವಾರ್ನಿಷಿಗೆ ಗಾಳಿ ಬೀಸುತ್ತಲೇ ಇದ್ದೆ.

ಬಯಲಿನಲ್ಲಿ ಅಣ್ಣ ಹತ್ತಿ ಕೂತರೂ ಅತ್ತಿಗೆ ರೆಕ್ಕೆಯ ಪಕ್ಕದಿಂದ ಕದಲಲಿಲ್ಲ. "ಬಲ," ಎಂದರು. ಪಟ್ಟಿ ಮೇಲೆದ್ದಿತು. "ಇನ್ನೊಮ್ಮೆ." ಮತ್ತೆ ಎದ್ದಿತು. ಅಣ್ಣ ನನ್ನತ್ತ ತಿರುಗಿದ. "ನೀನು ಹೇಳು. ಸರಿ ಉಂಟಾ?"

"ಉಂಟು."

ಈ ಸಲ ಯಾರ ಸ್ವರವೆಂದು ಅವನು ಕೇಳಲಿಲ್ಲ.

ಎಂಜಿನು ಕೆಮ್ಮಿತು, ಓಡಿತು. ವಿಮಾನ ಮೇಯುತ್ತಿದ್ದ ದನಗಳು ತಲೆಯೆತ್ತಿ ನೋಡುವಷ್ಟು ಮೇಲೆದ್ದು ಒಂದು ಪಕ್ಕಕ್ಕೆ ವಾಲಿತು. ಅತ್ತಿಗೆಯ ಉಗುರು ನನ್ನ ತೋಳಿಗೆ ಊರಿತು.

"ಅದು ಬಲವೇ ಅಲ್ವಾ?"

ಬಲವೇ ಆಗಿತ್ತು.