ಮೇಸ್ತ್ರಿಗೆ ಕೇಳಿಸದ ಸದ್ದು

ಕಾರಿನ ಎ.ಸಿ. ರಿಪೇರಿಯಲ್ಲಿ ಮೇಸ್ತ್ರಿಗೆ ಇಪ್ಪತ್ತೊಂಬತ್ತು ವರ್ಷ ಸವೆದಿತ್ತು. ಸದ್ದು ಕೇಳಿಯೇ ರೋಗ ಹೇಳುತ್ತಾನೆಂಬ ಹೆಸರಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ಗಿರಾಕಿಗಳೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅದೇ ತಗಡಿನ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಅವನ ಹೆಂಡತಿ ಸೀಟ್ ಕವರ್ ಹೊಲಿಯುತ್ತಿದ್ದಳು. ಅವಳ ಮಿಷನ್ನಿನ ಕಟಕಟಕ್ಕೂ ಅವನ ಗೊಣಗಾಟಕ್ಕೂ ನಡುವೆ ಗೋಡೆಯೆಂಬುದಿರಲಿಲ್ಲ.

ಒಂದು ಬೆಳಿಗ್ಗೆ ಡ್ರೈವಿಂಗ್ ಕಲಿಸುವ ಹೆಂಗಸು ತನ್ನ ಕಾರು ತಂದು ನಿಲ್ಲಿಸಿದಳು. ಎ.ಸಿ. ಹಾಕಿದರೆ ಸಣ್ಣಗೆ ಕೀಂಯ್ ಅನ್ನುತ್ತದೆ ಎಂದಳು. ಮೇಸ್ತ್ರಿ ಸ್ಕ್ರೂಡ್ರೈವರ್ ಆನಿಸಿ ಕೇಳಿದ, ತಲೆಯಾಡಿಸಿದ, ಬೆಲ್ಟನ್ನೂ ಅದನ್ನು ಬಿಗಿ ಹಿಡಿಯುವ ಪುಲ್ಲಿಯನ್ನೂ ಬದಲಾಯಿಸಿದ. "ನೋಡಿ ಮೇಡಂ, ಬೆಣ್ಣೆ ಥರ ಓಡುತ್ತೆ" ಎಂದು ಕಳಿಸಿಕೊಟ್ಟ.

ಮೂರನೆಯ ದಿನಕ್ಕೆ ಕಾರು ವಾಪಸು ಬಂತು.

"ಸದ್ದು ಹಾಗೇ ಇದೆಯಲ್ಲಾ, ಅಣ್ಣಾ."

ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ. ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಡ್ಯಾಶ್‌ಬೋರ್ಡಿನ ಮೇಲೆ ಬಗ್ಗಿ ಕೇಳಿದ. ಗಾಳಿ ಬೀಸುವುದು ಬಿಟ್ಟರೆ ಏನೂ ಇಲ್ಲ. "ಎಲ್ಲಿದೆ ಸದ್ದು? ಅದು ನಿಮ್ಮ ಭ್ರಮೆ."

"ಭ್ರಮೆ ನನಗೊಬ್ಬಳಿಗಾ? ನಿನ್ನೆ ಕಲಿಯೋಕೆ ಬಂದ ಹುಡುಗಿ ನಡುರಸ್ತೇಲಿ ಸ್ಟೇರಿಂಗ್ ಬಿಟ್ಟು, ಒಳಗೆ ಗುಬ್ಬಿ ಸಿಕ್ಕೊಂಡಿದೆ ಅಂತ ಹುಡುಕೋಕೆ ಶುರು ಮಾಡಿದ್ಲು!"

ಸಾಕ್ಷಿಗಿರಲಿ ಎಂದು ಮೇಸ್ತ್ರಿ ಹೆಂಡತಿಯನ್ನು ಕೂಗಿದ. ಅವಳು ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದು ಸೀಟಿನಲ್ಲಿ ಕೂತವಳು ಹುಬ್ಬು ಗಂಟಿಕ್ಕಿದಳು.

"ರೀ, ಇಷ್ಟು ಜೋರಾಗಿದೆ. ನಿಮಗೆ ಕೇಳ್ತಾ ಇಲ್ವಾ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ಮೇಸ್ತ್ರಿಗೆ ಮೊಬೈಲ್ ಅಂಗಡಿ ನೆನಪಾಯಿತು. ಆರು ತಿಂಗಳಿಂದ ಅವನು ತನ್ನ ಫೋನು ಕೆಟ್ಟಿದೆ, ರಿಂಗೇ ಆಗುವುದಿಲ್ಲ ಎಂದು ಬೈಯುತ್ತಿದ್ದ. ಅಂಗಡಿಯವನು ಎರಡು ಸಲ ನೋಡಿ, ಫೋನು ಸರಿಯಾಗಿದೆ ಎಂದು ಹಿಂದಕ್ಕೆ ಕೊಟ್ಟಿದ್ದ.

ಅವನು ನಲ್ಲಿಯ ಹತ್ತಿರ ಹೋಗಿ ಕೊಳೆಯಿಲ್ಲದ ಕೈಯನ್ನೇ ಬಹಳ ಹೊತ್ತು ತೊಳೆದ. ಹಿಂದಿರುಗಿ ಬಂದು ಹೇಳಿದ: "ಮೇಡಂ, ನನಗೆ ಕೇಳಿಸ್ತಿಲ್ಲ. ಮೊನ್ನೆಯೂ ಕೇಳಿಸಿರಲಿಲ್ಲ. ಬೆಲ್ಟ್ ಹಾಕಿದ್ದು ಬರೀ ಅಂದಾಜಿನ ಮೇಲೆ."

ಆಕೆ ಕಾರಿನ ಬಾಗಿಲಿಂದ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

ಮೇಸ್ತ್ರಿ ಹೆಂಡತಿಗೆ ಹೇಳಿದ: "ನಾನು ಒಂದೊಂದೇ ಆಫ್ ಮಾಡ್ತಾ ಹೋಗ್ತೀನಿ, ನೀನು ಕೇಳಿ ಹೇಳು. ಎ.ಸಿ. ಆಫ್ ಮಾಡ್ದೆ, ಬರೀ ಫ್ಯಾನ್. ಈಗ?"

"ಇದೆ."

"ಎಂಜಿನ್ನೂ ಬಂದ್. ಕೀ ಮಾತ್ರ ಆನ್ ಇದೆ."

"ಈಗಲೂ ಇದೆ. ಇನ್ನೂ ಚೆನ್ನಾಗಿ ಕೇಳ್ತಿದೆ."

"ಫ್ಯಾನ್ ಒಂದಕ್ಕೆ ಇಳಿಸಿದೆ."

"ಕೀಂಯ್ ಹೋಯ್ತು. ಕಿರ್... ಕಿರ್... ಅಂತ ನಿಧಾನ ಆಯ್ತು."

ಎಂಜಿನ್ ನಿಂತ ಮೇಲೆ ಬೆಲ್ಟೂ ತಿರುಗುವುದಿಲ್ಲ, ಕಂಪ್ರೆಸರೂ ತಿರುಗುವುದಿಲ್ಲ. ತಪ್ಪಿರುವುದು ಬಾನೆಟ್ಟಿನ ಕೆಳಗಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ಗಾಳಿ ತಳ್ಳುವ ಫ್ಯಾನಿನಲ್ಲಿ. ಅರ್ಧ ನಿಮಿಷದ ಈ ಪರೀಕ್ಷೆಯನ್ನು, ಕಿವಿಯ ಮೇಲಿನ ಗರ್ವದಿಂದ, ಅವನು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದ.

ಗ್ಲೋವ್ ಬಾಕ್ಸ್ ಬಿಚ್ಚಿದ. ಅದರ ಹಿಂದೆ ಗಾಳಿ ಸೋಸುವ ಫಿಲ್ಟರ್ ಇರಬೇಕಾದ ಜಾಗ ಖಾಲಿ. ಯಾರೋ ತೊಳೆಯಲೆಂದು ತೆಗೆದು ಮತ್ತೆ ಹಾಕುವುದನ್ನು ಮರೆತಿದ್ದರು. ಮೂರು ಸ್ಕ್ರೂ ಬಿಚ್ಚಿ ಫ್ಯಾನನ್ನು ಅದರ ಗೂಡಿನ ಸಮೇತ ಹೊರಗೆಳೆದು ಬೆರಳಿನಿಂದ ತಿರುಗಿಸಿದ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಕೂದಲೆಳೆಯಷ್ಟು ತಡೆ. ಕಿವಿಗೆ ಸಿಗದದ್ದು ಬೆರಳಿಗೆ ಸಿಕ್ಕಿತು. ಎಸಳುಗಳ ನಡುವೆ ಒಣಗಿದ ಎಲೆಯ ಪುಡಿ, ಜೊತೆಗೆ ಮಾತ್ರೆಯ ಪಟ್ಟಿಯಿಂದ ಹರಿದ ಬೆಳ್ಳಿ ಹಾಳೆಯ ಚೂರು. ಅದರ ಅಂಚು ಗೂಡಿಗೆ ಉಜ್ಜುತ್ತಿತ್ತು.

"ಅಯ್ಯೋ, ನನ್ನ ತಲೆನೋವಿನ ಮಾತ್ರೇದು!" ಎಂದಳು ಡ್ರೈವಿಂಗ್ ಮೇಡಂ. "ಕಲಿಸೋರು ನೀವಾಗಿದ್ರೆ ಗೊತ್ತಾಗ್ತಿತ್ತು, ದಿನಕ್ಕೆ ಎಷ್ಟು ಬೇಕಾಗುತ್ತೆ ಅಂತ."

ಚೂರು ತೆಗೆದು, ಧೂಳು ಒರೆಸಿ, ಹೊಸ ಫಿಲ್ಟರ್ ಹಾಕಿ ಎಲ್ಲ ಜೋಡಿಸಿದ. ಫ್ಯಾನನ್ನು ಒಂದರಿಂದ ನಾಲ್ಕರವರೆಗೆ ಏರಿಸಿದ. ಹೆಂಡತಿ ಕೇಳಿ, "ಬರೀ ಗಾಳಿ" ಎಂದಳು.

ಮುಂದಿನ ವಾರ ಕಿವಿ ಡಾಕ್ಟರು ಅವನನ್ನು ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಎಷ್ಟೋ ಹೊತ್ತು ಅವನ ಬೆರಳು ಸುಮ್ಮನೆ ಇತ್ತು. ಎತ್ತರದ, ತೆಳ್ಳನೆಯ ಸದ್ದುಗಳು ಎರಡೂ ಕಿವಿಯಿಂದ ಹೋಗಿವೆ, ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಗಂಡ ಹೆಂಡತಿ ಜೊತೆಯಾಗಿ ಮನೆಗೆ ಹೊರಟರು. ಮನೆ ಹತ್ತಿರವಾದಾಗ ಅವಳು, "ಹಾಗಾದ್ರೆ ನಾನು ಕರೆದಾಗ ಓಗೊಡದೇ ಇದ್ದದ್ದು ಬೇಕಂತಲೇ ಅಲ್ಲ" ಎಂದಳು. "ಎಲ್ಲಾ ಸಲ ಅಲ್ಲ" ಎಂದ.

ಆಮೇಲೆ ಅವಳ ಮಿಷನ್ನು ಶೆಡ್ಡಿನ ಮುಂಭಾಗಕ್ಕೆ ಬಂತು. ಸದ್ದಿನ ಕಾರು ಬಂದರೆ ಮೊದಲು ಅವಳು ಕೂತು ಕೇಳುತ್ತಾಳೆ. ಕರ್ ಎಂದಳೋ ಗರ್ ಎಂದಳೋ ಎಂಬುದರ ಮೇಲೆ ಇಬ್ಬರಿಗೂ ಜಗಳವಾಗುತ್ತದೆ. ಬಾಡಿಗೆ ಕಾರಿನವನೊಬ್ಬ, "ಇಲ್ಲಿ ಮೇಸ್ತ್ರಿ ಯಾರು?" ಎಂದು ಕಿಚಾಯಿಸಿದ. ಮೇಸ್ತ್ರಿ ಸ್ಪ್ಯಾನರ್ ಹುಡುಕುತ್ತಲೇ, "ಮೊದಲು ಅವಳನ್ನ ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ" ಎಂದ.