ಅಕ್ಕ ಕುಡಿಯುತ್ತಿದ್ದ ಪೌಡರ್

ಓಡಲು ಶುರುಮಾಡಿದಾಗಿನಿಂದ ನಾನು ಡೈರಿ ಬರೆಯುತ್ತೇನೆ. ದಿನಾಂಕ, ಓಡಿದ ಸುತ್ತು, ಹಿಡಿದ ಸಮಯ, ಹಿಂದಿನ ರಾತ್ರಿಯ ನಿದ್ದೆ, ಬೆಳಗ್ಗೆ ತಿಂದದ್ದು. ಪ್ರತಿ ಪುಟಕ್ಕೂ ಗೆರೆ ಎಳೆದು ಕಾಲಂ ಮಾಡಿಟ್ಟಿದ್ದೇನೆ. ಯಾರು ಏನು ಹೇಳಿದರು, ನನಗೆ ಹೇಗನ್ನಿಸಿತು ಎನ್ನುವುದಕ್ಕೆ ಅದರಲ್ಲಿ ಕಾಲಂ ಇಲ್ಲ. ಆದ್ದರಿಂದ ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಅಜ್ಜಂಪುರ. ಓದುವುದು ಕಡೂರಿನಲ್ಲಿ, ಮೊದಲ ಪಿಯುಸಿ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಮೈದಾನದಲ್ಲಿ ಓಡಿ, ಅಲ್ಲೇ ಕೈಕಾಲು ತೊಳೆದು ತರಗತಿಗೆ ಹೋಗುತ್ತೇನೆ. ನನ್ನದು ಎಂಟುನೂರು ಮೀಟರ್. ಈ ವರ್ಷ ಅಪ್ಪ ಒಂದೇ ಮಾತು ಹೇಳಿದ್ದರು: "ಸ್ಟೇಟ್‌ಗೆ ಸೆಲೆಕ್ಟ್ ಆದ್ರೆ ಓಡು. ಇಲ್ಲಾಂದ್ರೆ ಬೆಳಗಿನ ಬಸ್ಸು ಗಿಸ್ಸು ಎಲ್ಲಾ ಸಾಕು, ತೆಪ್ಪಗೆ ಕೂತ್ಕಂಡು ಓದು." ಸೆಲೆಕ್ಷನ್ ತರೀಕೆರೆಯಲ್ಲಿ. ಮೊದಲ ಇಬ್ಬರಿಗೆ ಮಾತ್ರ ಅವಕಾಶ.

ಮೈದಾನದಲ್ಲಿ ನನಗೆ ಓಟ ಕಲಿಸಿದ್ದು ನಮ್ಮ ಪಿ.ಟಿ. ಮೇಷ್ಟ್ರಿಗಿಂತ ಹೆಚ್ಚಾಗಿ ಅಕ್ಕ. ಒಡಹುಟ್ಟಿದವಳಲ್ಲ. ಡಿಗ್ರಿ ಕೊನೆಯ ವರ್ಷದಲ್ಲಿದ್ದವಳು, ಹಿರೇನಲ್ಲೂರು ಕಡೆಯವಳು, ಎರಡು ಸಲ ಸ್ಟೇಟ್‌ಗೆ ಓಡಿ ಬಂದವಳು. ಹುಡುಗಿಯರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಮೊದಲ ಸುತ್ತಿನಲ್ಲಿ ಯಾರ ಬೆನ್ನಿಗೆ ಅಂಟಿಕೊಳ್ಳಬೇಕು, ತಿರುವಿನಲ್ಲಿ ಭುಜ ಎಷ್ಟು ಇಳಿಸಬೇಕು, ಮುಂದಿದ್ದವಳ ಉಸಿರು ಕೇಳಿ ಅವಳಲ್ಲಿ ಎಷ್ಟು ಉಳಿದಿದೆ ಎಂದು ಹೇಗೆ ತಿಳಿಯಬೇಕು, ಎಲ್ಲ ಅವಳೇ ಹೇಳಿಕೊಟ್ಟದ್ದು. ನನ್ನ ಸ್ಟಾಪ್‌ವಾಚ್ ಅವಳ ಕೈಯಲ್ಲಿರುತ್ತಿತ್ತು. ಅವಳು ಹೇಳಿದ ಸಮಯವನ್ನು ನಾನು ಒಂದು ದಿನವೂ ವಾಚು ನೋಡದೆ ಹಾಗೇ ಬರೆದುಕೊಂಡಿದ್ದೇನೆ.

ಅವಳ ಬ್ಯಾಗಿನಲ್ಲಿ ಒಂದು ದೊಡ್ಡ ಕಪ್ಪು ಡಬ್ಬಿ ಇತ್ತು. ಮೇಲೆ ತೋಳು ಉಬ್ಬಿಸಿದ ಗಂಡಸಿನ ಚಿತ್ರ. ಓಟಕ್ಕೆ ಮೊದಲು ಅದರಿಂದ ಎರಡು ಚಮಚ ಪುಡಿ ಹಾಲಿಗೆ ಹಾಕಿ, ಶೇಕರ್ ಬಾಟಲಿಯಲ್ಲಿ ಕುಲುಕಿ, ನಮ್ಮೆದುರೇ ಗಟಗಟ ಕುಡಿಯುತ್ತಿದ್ದಳು. ಒಂದು ದಿನ ನಾನು ಬಾಟಲಿ ತೊಳೆದು ಕೊಡಲು ಹೋದಾಗ ಮೂಗಿಗೆ ವಾಸನೆ ಬಡಿಯಿತು.

"ಅಕ್ಕ, ಇದು ಹುರಿಟ್ಟಿನ ಥರ ವಾಸ್ನೆ ಬರುತ್ತೆ ಕಣೇ."

ಸುತ್ತ ನಿಂತವರೆಲ್ಲ ನಕ್ಕರು. ಅಕ್ಕ ಬಾಟಲಿ ಕಿತ್ತುಕೊಂಡಳು. "ರಾಗಿ ಹೊಲದಲ್ಲಿ ಹುಟ್ಟಿದೋಳು ಅನ್ನೋದು ಗೊತ್ತಾಗುತ್ತೆ ಬಿಡು. ಚಾಕಲೇಟು ಕಣೇ ಇದು, ಚಾಕಲೇಟು. ನಾಳೆ ಕೇಕ್ ಕೊಟ್ರೂ ಮುದ್ದೆ ಅಂತೀಯ."

ನನಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ರಾಗಿ ಅರಳು ಹುರಿದು ಬೀಸಿ, ಹುರಿಗಡಲೆ, ಏಲಕ್ಕಿ ಸೇರಿಸಿ ಹುರಿಹಿಟ್ಟು ಮಾಡುತ್ತಾರೆ. ಹುಟ್ಟಿದಾಗಿನಿಂದ ತಿಂದ ವಾಸನೆ ಅದು. ಆದರೂ ಡಬ್ಬಿಯ ಮೇಲಿದ್ದ ಇಂಗ್ಲಿಷ್ ಅಕ್ಷರದ ಮುಂದೆ ನನ್ನ ಮೂಗು ಸುಳ್ಳು ಎಂದು ಒಪ್ಪಿಕೊಂಡೆ.

ಸೆಲೆಕ್ಷನ್ ಹತ್ತಿರವಾದ ಹಾಗೆ ನನ್ನ ಸಮಯ ಒಂದೇ ಕಡೆ ನಿಂತುಬಿಟ್ಟಿತು. ವಾರವೆಲ್ಲ ಓಡಿದರೂ ಒಂದು ಸೆಕೆಂಡೂ ಇಳಿಯಲಿಲ್ಲ. ಒಂದು ಬೆಳಗ್ಗೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಪ್ಲಾಸ್ಟಿಕ್ ಪೊಟ್ಟಣ ಕೊಟ್ಟಳು. ಕಡೂರಿನ ಜಿಮ್ಮಿನಿಂದ ತಂದದ್ದು.

"ನಾನು ಕುಡಿಯೋದೇ ಕಣೇ ಇದು. ಡಬ್ಬಿ ತಗೊಂಡ್ರೆ ನಿಮ್ಮಪ್ಪ ಬಯ್ತಾರೆ, ಅದಕ್ಕೇ ಬಿಡಿಯಾಗಿ ತಂದೆ. ಮನೇಲಿ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾರೆ."

"ಏನೂ ಆಗಲ್ವಾ?"

"ನನಗೇನಾಗಿದೆ? ನೋಡು, ಗುಂಡುಕಲ್ಲಿನ ಥರ ನಿಂತಿಲ್ವಾ?"

ಕುಡಿದೆ. ನನ್ನ ಪುಡಿಯಲ್ಲಿ ಹುರಿಹಿಟ್ಟಿನ ವಾಸನೆ ಇರಲಿಲ್ಲ. ಕಹಿ ಇತ್ತು, ನಾಲಿಗೆ ಚುರುಗುಡುತ್ತಿತ್ತು. ಕೇಳಿದ್ದಕ್ಕೆ "ನಿಂದು ಬೇರೆ ಫ್ಲೇವರ್" ಎಂದಳು. ಮೊದಲ ವಾರವೇ ಸಮಯ ಇಳಿಯಿತು. ಸಂತೋಷಕ್ಕೆ ಅಕ್ಕನನ್ನು ತಬ್ಬಿಕೊಂಡೆ. ಅದೇ ವಾರದಿಂದ ನಿದ್ದೆಯ ಕಾಲಮ್ಮಿನಲ್ಲಿ ಅಂಕಿ ಸಣ್ಣದಾಗುತ್ತ ಹೋಯಿತು. ಊಟದ ತಟ್ಟೆ ಮುಂದೆ ಕೈ ನಡುಗುತ್ತಿತ್ತು. ಪರೀಕ್ಷೆಯ ಭಯವೋ, ಯಾರ ಕಣ್ಣು ಬಿತ್ತೋ ಎಂದು ಅಮ್ಮ ದೃಷ್ಟಿ ತೆಗೆದರು.

ತರೀಕೆರೆಯ ಆ ದಿನ ಅಕ್ಕ ಎರಡು ಪೊಟ್ಟಣ ಒಟ್ಟಿಗೆ ಕುಲುಕಿ ಕೊಟ್ಟಳು. ಗೆರೆಯ ಹತ್ತಿರ ನಿಂತಾಗಲೇ ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲಿ ಕೇಳುತ್ತಿತ್ತು. ಮೊದಲ ಸುತ್ತು ಎಲ್ಲರಿಗಿಂತ ಮುಂದಿದ್ದೆ. ಎರಡನೇ ಸುತ್ತಿನ ತಿರುವಿನಲ್ಲಿ ನೆಲ ನನ್ನ ಕಡೆಗೆ ಏಳುತ್ತಿರುವಂತೆ ಕಂಡಿತು. ಆಮೇಲೆ ಕಣ್ಣುಬಿಟ್ಟಾಗ ಮೇಷ್ಟ್ರು ನನ್ನನ್ನು ಆಟೋಗೆ ಹತ್ತಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ಹಿಡಿದು ಕೇಳಿದರು, "ಕಾಫಿ ಎಷ್ಟು ಕುಡಿದಿದೀಯ?"

"ನಾನು ಕಾಫಿ ಕುಡಿಯಲ್ಲ ಸರ್."

"ಹಾಗಾದ್ರೆ ಏನು ಕುಡಿದೆ?"

"ಪೌಡರ್."

"ಡಬ್ಬಿ ತೋರಿಸು."

"ಡಬ್ಬಿ ಇಲ್ಲ ಸರ್. ಪೊಟ್ಟಣ."

ಡಾಕ್ಟರು ಕನ್ನಡಕ ತೆಗೆದು ಮೇಷ್ಟ್ರ ಮುಖ ನೋಡಿದರು. ಪುಡಿಗಳೆಲ್ಲ ವಿಷ ಎಂದು ಅವರು ಹೇಳಲಿಲ್ಲ. ಇನ್ನೂ ಬೆಳೆಯುವ ವಯಸ್ಸಿನವರಿಗೆ ಊಟ, ಹಾಲು, ಮೊಟ್ಟೆ, ಕಾಳು, ನಿದ್ದೆ ಸರಿಯಿದ್ದರೆ ಇವು ಬೇಕಾಗುವುದೇ ಇಲ್ಲ ಎಂದರು. ಓಟಕ್ಕೆ ಮೊದಲು ಕುಡಿಯುವ ಪುಡಿಗಳಲ್ಲಿ ಕಾಫಿಯಲ್ಲಿರುವ ಅಂಶವೇ ಸಿಕ್ಕಾಪಟ್ಟೆ ಇರಬಹುದು, ಲೇಬಲ್ ಇಲ್ಲದ ಪೊಟ್ಟಣದಲ್ಲಿ ಏನಿದೆ ಎಂದು ದೇವರಿಗೂ ಗೊತ್ತಾಗುವುದಿಲ್ಲ ಎಂದರು. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು.

"ಯಾರು ಕೊಟ್ರು?"

"ಯಾರೂ ಇಲ್ಲ ಸರ್. ನಾನೇ ತಂದೆ."

ಆ ಮಾತಿಗೆ ನನ್ನ ಓಟವೇ ಹೋಯಿತು. ಮೇಷ್ಟ್ರು ಟೀಮಿನಿಂದ ಹೆಸರು ತೆಗೆದರು. ಬಿದ್ದದ್ದಕ್ಕೆ ಅಪ್ಪ ಬಯ್ಯಲಿಲ್ಲ. "ಕದ್ದು ತಂದು ತಿಂದಿದಾಳೆ ಅಂದ್ರೆ ಇನ್ನು ಇವಳನ್ನ ಮೈದಾನಕ್ಕೆ ಯಾವ ನಂಬಿಕೆ ಮೇಲೆ ಕಳಿಸ್ಲಿ?" ಎಂದು ಅಮ್ಮನ ಹತ್ತಿರ ಹೇಳಿದ್ದು ಕೇಳಿಸಿತು. ನನಗೆ ಅಳು ಬರಲಿಲ್ಲ. ಅಕ್ಕನಿಗೆ ಗೊತ್ತಿಲ್ಲದೆ ಆಗಿದ್ದು, ಅವಳು ಕುಡಿದದ್ದನ್ನೇ ನನಗೂ ಕೊಟ್ಟಳು, ಅವಳ ಹೆಸರು ಯಾಕೆ ಹಾಳಾಗಬೇಕು, ಎಂದುಕೊಂಡಿದ್ದೆ.

ಅಕ್ಕ ನೋಡಲು ಬರಲಿಲ್ಲ. ಫೋನೂ ಇಲ್ಲ. ಸಂಕಟದಲ್ಲಿದ್ದಾಳೆ, ನಾನೇ ಹೋಗಿ ಸಮಾಧಾನ ಹೇಳಬೇಕು ಎಂದು ಭಾನುವಾರ ಅವರ ಮನೆಗೆ ಹೋದೆ.

ಅಂಗಳದಲ್ಲಿ ಅವಳ ಅಮ್ಮ ಕಲ್ಲೊಲೆಯ ಮೇಲೆ ಬಾಣಲೆ ಇಟ್ಟು ರಾಗಿ ಹುರಿಯುತ್ತಿದ್ದರು. ಅರಳು ಚಟಪಟ ಸಿಡಿಯುತ್ತಿತ್ತು.

"ಬಾರವ್ವ. ಅಜ್ಜಂಪುರದ ಹುಡುಗಿ ಅಲ್ವಾ ನೀನು? ಬಿದ್ಬಿಟ್ಯಂತೆ, ಈಗ ಹೆಂಗಿದೀಯ?"

ಚೆನ್ನಾಗಿದ್ದೇನೆ ಎಂದೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಗಲೇ ಬೀಸಿಸಿ ತಂದಿದ್ದ ಹಿಟ್ಟನ್ನು ಡಬ್ಬಿಗೆ ತುಂಬತೊಡಗಿದರು. ಕಪ್ಪು ಡಬ್ಬಿ. ತೋಳು ಉಬ್ಬಿಸಿದ ಗಂಡಸು.

"ನಮ್ಮೋಳಿಗೆ ದಿನಾ ಬೆಳಗ್ಗೆ ಇದಿಲ್ದೆ ಆಗಲ್ಲ. ಹೋದ್ ವರ್ಷ ಆ ಜಿಮ್ಮಿನೋನು ಕೊಟ್ಟ ಹಾಳು ಪುಡಿ ಕುಡ್ದು, ಎದೆ ಹೊಡ್ಕಂಡು, ಇದೇ ಅಂಗಳದಲ್ಲಿ ಥೇಟ್ ನಿನ್ನ ಥರಾನೇ ಬಿದ್ದಿದ್ಲಲ್ಲ. ಅವತ್ತೇ ಪುಡೀನೆಲ್ಲ ತಿಪ್ಪೆಗೆ ಸುರಿದೆ. ಡಬ್ಬಿ ಗಟ್ಟಿಯಾಗೈತೆ, ಮುಚ್ಚಳ ಬಿಗಿಯಾಗಿ ಕೂರುತ್ತೆ ಅಂತ ಇಟ್ಕಂಡೆ."

ಖಾಲಿ ಡಬ್ಬಿ ಬಿಸಾಡುವ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ನಮ್ಮ ಮನೆಯಲ್ಲೂ ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ದಾರ, ಐಸ್‌ಕ್ರೀಮ್ ಡಬ್ಬಿಯಲ್ಲಿ ಹುಣಸೆಹಣ್ಣು. ಡಬ್ಬಿಯ ಮೇಲಿನ ಹೆಸರು ನೋಡಿ ಒಳಗೇನಿದೆ ಎಂದು ನಾವು ಯಾರೂ ಹೇಳುವುದಿಲ್ಲ, ಮುಚ್ಚಳ ತೆಗೆದು ನೋಡುತ್ತೇವೆ. ಆ ಒಂದು ಡಬ್ಬಿಯ ವಿಷಯದಲ್ಲಿ ಮಾತ್ರ ನಾನು ನೋಡಿರಲಿಲ್ಲ. ಅವರು ಕೈಗೆ ಒಂದು ಹಿಡಿ ಹಿಟ್ಟು, ಬೆಲ್ಲ ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಬಾಟಲಿ ತೊಳೆಯಲು ಹೋದ ದಿನ ಮೂಗಿಗೆ ಬಡಿದದ್ದು ಇದೇ ವಾಸನೆ.

ಅಷ್ಟರಲ್ಲಿ ಅಕ್ಕ ಸ್ಕೂಟರಿನಲ್ಲಿ ಬಂದಳು. ನನ್ನನ್ನು ನೋಡಿದಳು, ಡಬ್ಬಿ ನೋಡಿದಳು. "ಬಾ, ತೋಟದ ಕಡೆ ಹೋಗಣ" ಎಂದಳು. ತೆಂಗಿನಮರದ ಸಾಲಿನವರೆಗೂ ಅವಳ ಹಿಂದೆ ನಡೆದೆ.

"ನಿಮಗೆ ಗೊತ್ತಿತ್ತು" ಎಂದೆ.

"ಏನೇ ಇದು, ನೀವು ಅಂತೀಯ?"

ಅವಳು ಹೇಳಿದ ಮೇಲೇ ನನಗೂ ಗೊತ್ತಾದದ್ದು. ಇಷ್ಟು ದಿನ ನೀನು, ಹೋಗೇ, ಬಾರೇ ಎಂದವಳು ನಾನು.

"ಎಲ್ರಿಗೂ ಹಂಗಾಗಲ್ಲ ಕಣೇ. ನನ್ ಮೈಗೆ ಆಗ್ಲಿಲ್ಲ ಅಷ್ಟೇ. ನಿಂಗೆ ಟೈಮಿಂಗ್ ಇಳೀತು ತಾನೇ? ನೀನೇ ಕುಣಿದಾಡಿದೆ."

"ದಿನಾ ನನ್ನೆದುರಿಗೆ ಕುಡೀತಿದ್ರಲ್ಲ."

"ನಾನು ಕುಡೀದಿದ್ರೆ ನೀನು ಕುಡೀತಿದ್ಯಾ?"

ಇಷ್ಟು ಸಲೀಸಾಗಿ ಹೇಳಿದಳು. ಓಟದ ಉಪಾಯ ಹೇಳಿಕೊಡುವ ಅದೇ ದನಿ. ಆಮೇಲೆ ತಾನೇ ಕೆಳಗೆ ನೋಡುತ್ತ ಹೇಳಿದಳು: ಪುಡಿ ಹಿಡಿಸಿ ಹುಡುಗಿಯರನ್ನು ಸೇರಿಸಿಕೊಟ್ಟರೆ ಲೇಡೀಸ್ ಬ್ಯಾಚಿಗೆ ಅವಳನ್ನೇ ಟ್ರೈನರ್ ಮಾಡುತ್ತೇನೆ ಎಂದು ಜಿಮ್ಮಿನವನು ಹೇಳಿದ್ದಾನೆ. ಡಿಗ್ರಿ ಮುಗಿದರೆ ಮದುವೆ ಮಾಡುತ್ತಾರೆ. "ನಿಂಗೆ ಈ ವರ್ಷ ಹೋದ್ರೆ ಮುಂದಿನ ವರ್ಷ ಇದೆ. ನಂಗೇನಿದೆ ಹೇಳು?"

"ನನ್ನ ಓಟ ನಿಂತುಹೋಗಿದೆ. ಯಾರು ಕೊಟ್ಟದ್ದು ಅಂತ ನಾನು ಹೇಳಿಲ್ಲ."

"ಗೊತ್ತು. ಸರ್ ಹೇಳಿದ್ರು" ಎಂದಳು. ನನ್ನ ಭುಜ ಹಿಡಿದುಕೊಂಡಳು. "ಒಳ್ಳೇದಾಯ್ತು ಕಣೇ. ಹಂಗೇ ಇರ್ಲಿ."

ಬಸ್ಸಿನಲ್ಲಿ ವಾಪಸು ಬರುವಾಗ ಆ ಕೊನೆಯ ಮಾತು ಒಂದೇ ಉಳಿದಿತ್ತು. ಬಿದ್ದಾಗ ಆದದ್ದು ಮೈಗೆ. ಇದು ಎಲ್ಲಿ ತಾಗಿತು ಎಂದು ಬರೆಯಲು ನನಗೆ ಬರುವುದಿಲ್ಲ. ಆ ವಾರಗಳ ಸಮಯಗಳನ್ನು ಡೈರಿಯಲ್ಲಿ ಮತ್ತೆ ನೋಡಿದೆ. ನನ್ನ ಬದುಕಿನ ಅತಿ ವೇಗದ ಓಟಗಳು. ಅವುಗಳಲ್ಲಿ ನನ್ನದೆಷ್ಟು, ಪೊಟ್ಟಣದ್ದೆಷ್ಟು ಎಂದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಪೆನ್ಸಿಲ್ಲಿನಿಂದ ಅವಕ್ಕೆ ಸುತ್ತು ಹಾಕಿ ಬಿಟ್ಟಿದ್ದೇನೆ. ಪೌಡರ್ ತಗೊಳ್ಳಬಹುದಾ ಎಂದು ಈಗ ಕ್ಲಾಸಿನಲ್ಲಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಡಾಕ್ಟರಿಗೆ ತೋರಿಸಲಾಗದ್ದು, ಮನೆಯಲ್ಲಿ ಹೇಳಲಾಗದ್ದು, ನಮ್ಮ ವಯಸ್ಸಿನಲ್ಲಿ ಬೇಡ. ಅದರಿಂದ ಇಳಿದ ಸೆಕೆಂಡುಗಳು ನಮ್ಮ ಹತ್ತಿರ ಉಳಿಯುವುದಿಲ್ಲ.

ಸೋಮವಾರ ಮೇಷ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಇನ್ನೂ ಯಾರ್ಯಾರಿಗೆ ಕೊಟ್ಟಿದಾಳೆ?" ಎಂದರು. ಇನ್ನಿಬ್ಬರು ಹುಡುಗಿಯರಿದ್ದರು. ಅವರ ಮನೆಗಳಿಗೆ, ಆಮೇಲೆ ನಮ್ಮಪ್ಪನಿಗೆ, ನನ್ನೆದುರೇ ಫೋನ್ ಮಾಡಿದರು. ಎಲ್ಲ ಕೇಳಿದ ಮೇಲೆ ಅಪ್ಪ "ನಾಳೆಯಿಂದ ಕಳಿಸ್ತೀನಿ ಸಾರ್. ಸ್ಟೇಟ್ ಗೀಟ್ ಮುಂದಿನ ವರ್ಷ ನೋಡಣ" ಎಂದರಂತೆ.

ಮಾರನೆಯ ಬೆಳಗ್ಗೆ ಮೈದಾನದ ಗೇಟಿನ ಹತ್ತಿರ ಅಕ್ಕ ನಿಂತಿದ್ದಳು. ಇನ್ನು ಹುಡುಗಿಯರ ಪ್ರಾಕ್ಟೀಸಿಗೆ ಬರಬೇಡ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಅವಳಿಗೆ ಏನೇನು ಹೇಳಬೇಕು ಎಂದು ನಾನು ಬಸ್ಸಿನಲ್ಲಿ ಒಂದೊಂದಾಗಿ ಜೋಡಿಸಿಕೊಂಡು ಬಂದಿದ್ದೆ. ಅವಳೇ ಮೊದಲು ಬಾಯಿಬಿಟ್ಟಳು.

"ನೀನು ಹಿಂಗ್ ಮಾಡ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ ಕಣೇ. ನಿನ್ನನ್ನ ತಂಗಿ ಅಂತ ತಿಳ್ಕಂಡಿದ್ದೆ."

ಅವಳ ಕಣ್ಣು ತುಂಬಿತ್ತು. ನಾಟಕ ಇರಬಹುದೇ ಎಂದು ಸರಿಯಾಗಿ ನೋಡಿದೆ. ಅಲ್ಲ. ಮೋಸ ಹೋದವರ ಮುಖ ಹೇಗಿರುತ್ತದೆ ಎಂದು ಎರಡು ದಿನದಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ. ಅವಳ ಮುಖವೂ ಹಾಗೇ ಇತ್ತು. ನಾನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಆ ಮುಖಕ್ಕೆ ಹೇಳುವಂಥದ್ದು ಒಂದೂ ಇರಲಿಲ್ಲ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಒಳಗೆ ಹೋದೆ.