ಸಹಿ ಕರಗಿದ ಅರ್ಜಿ

ಮೊನ್ನೆ ಹಿಂದಿನ ಬೀದಿಯವರು ಮಗಳ ಲಗ್ನಪತ್ರಿಕೆ ಕೊಟ್ಟು ಹೋದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಒಣಗಿದ ಅರಿಶಿನ ಉದುರಿ ಸೆರಗಿಗೆ ಬಿತ್ತು. ಕೊಡವಿದೆ. ವಾಸನೆ ಮಾತ್ರ ಬೆರಳಲ್ಲೇ ಉಳಿಯಿತು. ನಿಮಗೆ ಅದು ಮದುವೆಮನೆಯ ವಾಸನೆ ಇರಬಹುದು. ನನಗೆ ಅದು ನಾನು ಮಾಡಿದ ಒಂದು ಹೆಡ್ಡತನದ ವಾಸನೆ. ಪುರುಸೊತ್ತಿದ್ದರೆ ಕೇಳಿ.

ಐವತ್ತರ ದಶಕದ ಮಾತು. ಹೊಸಹಳ್ಳಿ ಆಗ ಹಳ್ಳಿಯೇ. ಈಗ ಮನೆಗೆ ಮನೆ ಅಂಟಿಕೊಂಡು ನಿಂತಿರುವ ಕಡೆ ನಮ್ಮ ರಾಗಿ ಹೊಲ. ಅತ್ತ ರಾಜಾಜಿನಗರದಲ್ಲಿ ಕಾರ್ಖಾನೆಗಳು ಏಳುತ್ತಿದ್ದವು, ಅಲ್ಲಿ ಕೆಲಸಕ್ಕೆ ಸೇರಿದವರು ನಮ್ಮಲ್ಲಿ ರೂಮು ಕೇಳಿಕೊಂಡು ಬರುತ್ತಿದ್ದರು. ಆದರೆ ನಮ್ಮ ಜಗಲಿ ಪಕ್ಕದ ರೂಮಿಗೆ ಬಂದವಳು ವಿಮಲ. ಕುಣಿಗಲ್ ಕಡೆಯ ಹುಡುಗಿ, ಕಾಲೇಜು ಮುಗಿಸಿ ಅದಕ್ಕೂ ಮೇಲಿನದು ಓದುತ್ತಿದ್ದಳು. ಏನು ಓದುತ್ತೀಯ ಎಂದರೆ, ರಾಗಿಗೆ ಬರುವ ಬೆಂಕಿ ರೋಗ ಎಂದಳು.

“ಅದ್ರಲ್ಲಿ ಓದಕ್ಕೇನಿದೆ? ಬಂದ್ರೆ ತೆನೆ ಜಳ್ಳು, ನಾವು ಉಪವಾಸ. ಮುಗೀತಲ್ಲ.”

“ಯಾಕೆ ಬರುತ್ತೆ ಅಂತ ಗೊತ್ತಾದ್ರೆ ಉಪವಾಸ ತಪ್ಪುತ್ತಲ್ಲಕ್ಕ.”

ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಅವಳು ಮುಚ್ಚಿಸಿದಳು. ಭೂತಗನ್ನಡಿ ಹಿಡಿದು ನಮ್ಮ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಪಕ್ಕದ ಹೊಲದವಳು ಬದುವಿನ ಮೇಲೆ ನಿಂತು, “ಏನೇ, ನಿಮ್ಮ ಓದೋ ಹುಡುಗಿ ಮೂಗುತಿ ಬೀಳಿಸ್ಕೊಂಡ್ಳಾ?” ಎಂದು ಕೂಗಿದ್ದುಂಟು.

ಅವಳನ್ನು ಓದಿಸುತ್ತಿದ್ದ ಅವಳ ಅಪ್ಪ ತೀರಿಕೊಂಡರು. ಅಣ್ಣ ಓದು ಸಾಕು ಎಂದ. ತುಮಕೂರಿನ ಕಂಟ್ರಾಕ್ಟರೊಬ್ಬನಿಗೆ ಎರಡನೇ ಸಂಬಂಧಕ್ಕೆ ಇವಳನ್ನು ಕೊಡುವ ಮಾತು ನಡೆಸಿದ್ದ. ಅವಳಿಗೆ ಉಳಿದದ್ದು ಒಂದೇ ದಾರಿ. ಹೀಗೆ ಓದುವವರಿಗೆ ತಿಂಗಳು ತಿಂಗಳು ಇಷ್ಟು ಎಂದು ಕೊಡುವವರಿರುತ್ತಾರಂತೆ, ಅದಕ್ಕೆ ಫೆಲೋಶಿಪ್ ಎನ್ನುತ್ತಾರಂತೆ. ಅದನ್ನು ಹುಡುಕಿಕೊಂಡು ದಿನಾ ಲೈಬ್ರರಿಗೆ ಹೋಗಿ ಪೇಪರಿನ ಪ್ರಕಟಣೆಗಳನ್ನೆಲ್ಲ ಬರೆದುಕೊಂಡು ಬರುತ್ತಿದ್ದಳು. ಒಂದು ಗಂಡಸರಿಗೆ ಮಾತ್ರ. ಇನ್ನೊಂದು ಕಬ್ಬಿನ ಬಗ್ಗೆ ಓದುವವರಿಗೆ. ಮತ್ತೊಂದರ ಗಡುವು ಹಿಂದಿನ ವಾರವೇ ಮುಗಿದಿತ್ತು. ಹೆಣ್ಣು ನೋಡಲು ಬರುವವರೂ ಇಷ್ಟು ಷರತ್ತು ಹಾಕುವುದಿಲ್ಲ.

ಕೊನೆಗೆ ಒಂದು ಹೊಂದಿತು. ನಾಲ್ಕು ಪುಟದ ಅರ್ಜಿ ಅಂಚೆಯಲ್ಲಿ ಬಂತು. ಏನು ಕೆಲಸ, ಯಾಕೆ ಮಾಡುತ್ತೀರಿ ಎಂದು ಅದರಲ್ಲಿ ಬರೆಯಬೇಕು. ಬರೆದದ್ದನ್ನು ಕನ್ನಡದಲ್ಲಿ ನನಗೆ ಹೇಳಿದಳು. ದಯವಿಟ್ಟು, ವಿನಮ್ರವಾಗಿ, ಬರೀ ಅದೇ.

“ಇಷ್ಟ್ಯಾಕೆ ಬೇಡ್ಕೋತೀಯೇ? ಭಿಕ್ಷೆನಾ? ಮುದ್ದೆ ತಿನ್ನೋರೆಲ್ಲ ಈ ಕೆಲ್ಸಕ್ಕೆ ಕಾಯ್ತಾ ಇದಾರೆ ಅಂತ ಬರಿ.”

ಬರೆದಳು. ಅವಳ ಮೇಷ್ಟ್ರು ಆ ಸಾಲು ಮೆಚ್ಚಿದರಂತೆ. ನಾನು ಎರಡು ದಿನ ತಲೆ ಎತ್ತಿಕೊಂಡೇ ಓಡಾಡಿದೆ.

ಮದುವೆಯಾಗದ ಹೆಣ್ಣುಮಕ್ಕಳಾದರೆ ಹಿರಿಯರ ಸಹಿಯೂ ಬೇಕಿತ್ತು. ಅಣ್ಣ ಬಂದ, ಮುಖ ಊದಿಸಿಕೊಂಡೇ ಉಂಡ. “ಇದೊಂದ್ಸಲ ಹಾಕ್ತೀನಿ. ಸಿಗ್ಲಿಲ್ವೋ, ಯುಗಾದಿ ಕಳೀತಿದ್ದಂಗೆ ಮದುವೆ. ಮಾತು ಕೊಡು,” ಎಂದ. ಕೊಟ್ಟಳು. ಸಹಿ ಹಾಕಿ ಬಸ್ಸು ಹತ್ತಿದ.

ಮಾರನೆಯ ದಿನ ಶುಕ್ರವಾರ, ಅರ್ಜಿ ಕೊಡಲು ಕೊನೆಯ ದಿನ. ವಿಮಲ ಸ್ನಾನಕ್ಕೆ ಹೋಗಿದ್ದಳು. ಅರ್ಜಿ ದೇವರ ಗೂಡಿನ ಮುಂದಿತ್ತು. ಹೊಸಿಲಿಗೆ ಬಳಿಯಲು ಕಲೆಸಿದ ಅರಿಶಿನ ನನ್ನ ಕೈಯಲ್ಲಿತ್ತು. ಶುಭದ ಕಾಗದ ಅರಿಶಿನವಿಲ್ಲದೆ ನಮ್ಮ ಮನೆಯ ಹೊಸಿಲು ದಾಟಿದ್ದಿಲ್ಲ. ನಾಲ್ಕು ಮೂಲೆಗೂ ಇಟ್ಟೆ. ಅರಿಶಿನ ನೀರಾಗಿತ್ತು. ಕೆಳಗಿನ ಮೂಲೆಯಲ್ಲಿದ್ದ ಅಣ್ಣನ ನೀಲಿ ಶಾಯಿಯ ಸಹಿ ನೋಡನೋಡುತ್ತ ಕದಡಿ ಹಸಿರು ಕಲೆಯಾಯಿತು.

“ಅಕ್ಕ, ಏನ್ಮಾಡಿದ್ರಿ?”

“ಒಳ್ಳೇದಾಗ್ಲಿ ಅಂತ...”

“ಅಣ್ಣ ಇನ್ನೊಂದ್ಸಲ ಹಾಕಲ್ಲ.”

ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. ಒದ್ದೆ ಕೂದಲಲ್ಲೇ ಗೋಡೆಗೆ ಒರಗಿ ನಿಂತಳು.

“ಅಣ್ಣಾನೇ ಹಾಕ್ಬೇಕು ಅಂತ ಬರ್ದೈತಾ? ಸರ್ಯಾಗಿ ನೋಡು.”

ನೋಡಿದಳು. ಹೆತ್ತವರು, ಒಡಹುಟ್ಟಿದವರು, ಇಲ್ಲವೇ ಇರುವ ಊರಿನಲ್ಲಿ ಜವಾಬ್ದಾರಿ ಹೊರುವ ಹಿರಿಯರು ಎಂದಿತ್ತು. ನಮ್ಮ ಯಜಮಾನರು ಬೇವಿನಕಡ್ಡಿ ಅಗಿಯುತ್ತ ಎಲ್ಲ ಕೇಳಿಸಿಕೊಂಡಿದ್ದರು. “ನಾಳೆ ಈ ಹುಡ್ಗಿ ಹೆಚ್ಚುಕಮ್ಮಿ ಮಾಡ್ಕೊಂಡ್ರೆ ಪೊಲೀಸ್ನೋರು ನಮ್ಮ ಬಾಗ್ಲಿಗೆ ಬರ್ತಾರೆ. ನಾನು ಹಾಕಲ್ಲ. ನೀನೂ ಹಾಕ್ಬೇಡ,” ಎಂದರು. ಅವರು ಹೇಳಿದ್ದು ಸುಳ್ಳೇನಲ್ಲ.

ನನಗೆ ಆಗ ಬರೆಯಲು ಬರುತ್ತಿದ್ದುದು ನನ್ನ ಹೆಸರೊಂದೇ. ಅದನ್ನು ಕಲಿತದ್ದೂ ಬಡಾವಣೆ ಮಾಡುವವರು ಹೊಲ ತೆಗೆದುಕೊಳ್ಳಲು ಬಂದಾಗ. ತವರಿನಿಂದ ನನಗೆ ಬಂದಿದ್ದ ಒಂದು ತುಂಡು ಹೊಲ. ಹೆಬ್ಬೆಟ್ಟು ಒತ್ತಲು ನಾಚಿಕೆಯಾಗಿ ಹೆಸರು ತಿದ್ದಿ ಕಲಿತೆ. ಅವರು ಬೆರಳಿಟ್ಟು ತೋರಿಸಿದ ಕಡೆ ಬರೆದೆ. ಹೊಲ ಹೋಯಿತು. ಆ ಕಾಗದದಲ್ಲಿ ಏನಿತ್ತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

“ಪೂರ್ತಿ ಓದಿ ಹೇಳು, ಹಾಕ್ತೀನಿ,” ಎಂದೆ.

“ಬಸ್ಸು ಹೋಗುತ್ತಕ್ಕ!”

“ಹೋದ್ರೆ ನಡಿ. ಓದು.”

ನಾಲ್ಕು ಪುಟವನ್ನೂ ಕನ್ನಡದಲ್ಲಿ ಹೇಳಿದಳು. ಓದು ನಡುವೆ ಬಿಟ್ಟು ಹೋದರೆ ಸಹಿ ಹಾಕಿದವರನ್ನು ಕೇಳುತ್ತೇವೆ ಎಂಬ ಮಾತೂ ಇತ್ತು. ಅದನ್ನು ಎರಡು ಸಲ ಹೇಳಿಸಿದೆ. ಆಮೇಲೆ ಕಲೆಯ ಮೇಲ್ಗಡೆ, ಒಣಗಿದ್ದ ಜಾಗ ನೋಡಿ, ನನ್ನ ಹೆಸರು ಬರೆದೆ. ಅಕ್ಷರ ಒಂದೊಂದೂ ಹುಣಸೆಬೀಜದಷ್ಟು ದಪ್ಪ. ಯಜಮಾನರು ಕಡ್ಡಿ ಎಸೆದು ಹೊಲಕ್ಕೆ ಹೋದರು. ಒಂದು ವಾರ ನನ್ನೊಂದಿಗೆ ಮಾತಿಲ್ಲ.

“ನಿಮಗೂ ನನಗೂ ಏನ್ ಸಂಬಂಧ ಅಂತ ಕೇಳಿದಾರೆ. ಏನ್ ಬರೀಲಿ?”

“ಮನೆ ಓನರ್ ಅಂತ ಬರಿ. ಇರೋದ್ನ ಬರಿ.”

ಆವತ್ತು ಅವಳು ನಕ್ಕದ್ದು ಆಗಲೇ.

ಸಂದರ್ಶನದಲ್ಲಿ ಒಬ್ಬರು, ಇದೇನು ಹಳದಿ ಎಂದು ಕೇಳಿದರಂತೆ. ಇದ್ದದ್ದನ್ನು ಇದ್ದಂತೆ ಹೇಳಿದಳಂತೆ. ಅವರೂ ನಕ್ಕು, ಆಮೇಲೆ ಬಹಳ ಹೊತ್ತು ರಾಗಿಯನ್ನೇ ಕೇಳಿದರಂತೆ. ಯುಗಾದಿಗೆ ನಾಲ್ಕು ದಿನ ಇರುವಾಗ ಸಿಕ್ಕಿತೆಂದು ಕಾಗದ ಬಂತು. ಅಣ್ಣ ಬಂದಾಗ ನಾನೇ ಬಾಗಿಲಲ್ಲಿ ನಿಂತು, “ನಿಮ್ಮ ಸಹಿ ಅಳ್ಸಿದ್ದು ನಾನು, ಹಾಕಿದ್ದೂ ನಾನು. ಬೈಯೋದಿದ್ರೆ ನನಗೆ ಬೈರಿ,” ಎಂದೆ. ಕಾಫಿ ಕುಡಿದು ಹೋದ.

ಮೂರು ವರ್ಷ ಇದ್ದು, ಓದು ಮುಗಿಸಿ, ಕೆಲಸ ಸಿಕ್ಕಿದ ಊರಿಗೆ ಹೋದಳು. ಹೋಗುವ ಮುಂಚೆ ನನಗೆ ನಾಲ್ಕಕ್ಷರ ಓದಲು ಬರೆಯಲು ಕಲಿಸಿದಳು. ಬೆಂಕಿ ರೋಗ ಹೋಯಿತೇ ಎಂದು ಕೇಳುತ್ತೀರೇನೋ. ಅದು ಹೋಗಲಿಲ್ಲ. ಉಳಿದಿದ್ದ ನಮ್ಮ ಹೊಲವೇ ಬಡಾವಣೆಗೆ ಹೋಯಿತು.

ಇಷ್ಟು ದಿನ ಇದನ್ನು ಅರಿಶಿನದ ತಮಾಷೆಯೆಂದೇ ಹೇಳುತ್ತಿದ್ದೆ, ಕೇಳಿದವರೂ ನಗುತ್ತಿದ್ದರು. ಬರೆಯಲು ಕೂತ ಮೇಲೆ ಆ ಅರ್ಧ ಗಂಟೆಯ ಓದೇ ದೊಡ್ಡದಾಗಿ ಕಾಣುತ್ತಿದೆ. ಬಡಾವಣೆಯವರಿಂದಲೂ ಹಾಗೆ ಓದಿಸಿದ್ದರೆ ತವರಿನ ಹೊಲ ಉಳಿಯುತ್ತಿತ್ತೋ ಇಲ್ಲವೋ. ಏನು ಕಳೆದುಕೊಳ್ಳುತ್ತಿದ್ದೇನೆಂದಾದರೂ ಗೊತ್ತಿರುತ್ತಿತ್ತು.

ಈಗ ಮಗ ಬಂದು ಮನೆಯದೊಂದು ಕಾಗದ ಮುಂದಿಟ್ಟ. ಒತ್ತಾಗಿ ಸಣ್ಣಕ್ಷರ, ನನ್ನ ಕಣ್ಣಿಗೆ ಹತ್ತುವುದಿಲ್ಲ. “ಸುಮ್ನೆ ಇಲ್ಲೊಂದು ಸೈನ್ ಹಾಕಮ್ಮ, ಏನಿಲ್ಲ ಅದ್ರಲ್ಲಿ,” ಎಂದ.

“ಏನಿಲ್ದಿದ್ರೆ ಬೇಗ ಮುಗಿಯುತ್ತೆ. ಓದು,” ಎಂದೆ.

ತನ್ನ ಕನ್ನಡಕ ತರಲು ಹೋಗಿದ್ದಾನೆ.